ನೆಲ ಮುಟ್ಟದ ಟೈರು

ಚಲುವರಾಜುವಿನ ತಲೆಯಲ್ಲಿ ಏನಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ, ಮೆದುಳಂತೂ ಅಲ್ಲ. ನಮ್ಮೂರಿನ ಹಾಲನ್ನು ಕಿಕ್ಕೇರಿ ಮೇಲೆ ಕೆ.ಆರ್. ಪೇಟೆಯ ಡೇರಿಗೆ ಸಾಗಿಸುತ್ತಿದ್ದವನು ಅವನೇ. ಹಾಲಿನ ಸೊಸೈಟಿಯ ಕಾರ್ಯದರ್ಶಿಯಾದ ತಪ್ಪಿಗೆ ಅವನ ಪಕ್ಕ ಕೂತು ಹೋಗುವ ಕರ್ಮ ನನ್ನದು.

ಆ ಕೆಲಸವನ್ನು ಈ ಸಲ ಸರಸಮ್ಮ ಕೇಳಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಟೆಂಪೋವನ್ನು ತಾನೇ ಓಡಿಸಿಕೊಂಡು ಸಂತೆಬಾಚಹಳ್ಳಿಗೆ ತರಕಾರಿ ಹೊಡೆಯುವವಳು. ಸವೆದ ಟೈರುಗಳಿಗೆ ಹೊಸ ರಬ್ಬರು ಕೂರಿಸಿ ರೀಬಟನ್ ಮಾಡಿಸಿದ್ದಳು. ಸಭೆಯಲ್ಲಿ ಚಲುವರಾಜು ಅದನ್ನೇ ಹಿಡಿದ.

“ಅಳೆ ಎಕ್ಕಡಕ್ಕೆ ಅಟ್ಟೆ ಒಡ್ಸವ್ಳೆ ಕಣ್ರಪ್ಪ. ಅದ್ರ ಮ್ಯಾಲೆ ಊರ್ನ ಆಲು ಕಳುಸ್ತೀರಾ? ನಾನು ಕಂಪ್ನಿ ಟೈರು ತಂದಿವ್ನಿ!”

ತಂದಿದ್ದು ನಿಜ. ಎರಡು ಹೊಸ ಟೈರನ್ನು ಡಿಸ್ಕಿಗೆ ಕೂರಿಸಿ, ಗಾಳಿ ತುಂಬಿಸಿ, ದೃಷ್ಟಿಗೆಂದು ಕರಿದಾರ ಸುತ್ತಿ ಟೆಂಪೋದ ನೆತ್ತಿಯ ಮೇಲೆ ಕಟ್ಟಿದ್ದ. ಹಾಕಲು ಆಷಾಢ ಅಡ್ಡ. ಶ್ರಾವಣ ಬಂದು ಪೂಜೆ ಮಾಡಿ ನಿಂಬೆಹಣ್ಣು ತುಳಿಸುವವರೆಗೆ ಅವು ನೆಲ ಮುಟ್ಟಬಾರದಂತೆ. ಕೆಳಗೆ ಉರುಳುತ್ತಿದ್ದವು ನೂಲು ಕಾಣುವ ಬೋಳು ಟೈರುಗಳು. ಸೊಸೈಟಿಯ ಮಹಾಪಂಡಿತರು ನೆತ್ತಿ ನೋಡಿದರೇ ಹೊರತು ಚಕ್ರ ನೋಡಲಿಲ್ಲ. ಸರಸಮ್ಮ ಬರಿಗೈಲಿ ಎದ್ದು ಹೋದಳು.

ಮರುವಾರ ಕಿಕ್ಕೇರಿ ದಾಟಿದ್ದೇ ತಡ, ಹಿಂದಿನ ಚಕ್ರ ಢಮ್ಮೆಂದಿತು. ಸ್ಟೆಪ್ನಿ ಮೊದಲೇ ಸತ್ತಿತ್ತು. ಬಿಸಿಲು ಏರುತ್ತಿತ್ತು; ಹಾಲು ಕೆಟ್ಟರೆ ಡೇರಿಯವರು ಮುಟ್ಟುವುದಿಲ್ಲ, ಊರು ಬೆಳಗ್ಗೆ ಕರೆದದ್ದಷ್ಟೂ ಚರಂಡಿಗೆ.

“ಮ್ಯಾಗ್ಳುದ್ನ ಇಳ್ಸಿ ಆಕ್ಲಾ,” ಎಂದೆ.

“ಆಸಾಡ್ದಾಗಾ? ಮನೆಮಠ ಆಳಾಗೋಯ್ತದೆ ಕಣಣ್ಣ!”

“ಆಲು ಆಳಾಯ್ತಾ ಅದಲ್ಲೋ ಮುಟ್ಠಾಳ!”

ಅವನು ಟೈರುಗಳತ್ತ ನೋಡಿ ಕೈಮುಗಿದ. ನನಗೆ ಉಗಿಯಬೇಕೆನಿಸಿತು. ಉಗಿದೆ, ರಸ್ತೆಗೆ. ಆಮೇಲೆ ಸರಸಮ್ಮನಿಗೆ ಫೋನು ಮಾಡಿದೆ.

ಬಂದವಳೇ ತನ್ನ ಟೆಂಪೋದ ಹಿಂಬಾಗಿಲು ತೆಗೆದಳು. ಕ್ಯಾನುಗಳನ್ನೆಲ್ಲ ಅವಳ ಗಾಡಿಗೆ ತುಂಬಿದೆವು. ಹೊರಡುವಷ್ಟರಲ್ಲಿ ಚಲುವರಾಜು ಹೊಸ ಟೈರೊಂದನ್ನು ತಲೆಯ ಮೇಲೆ ಹೊತ್ತು ತೂರಾಡುತ್ತ ಬಂದ. ಉರುಳಿಸಿದರೆ ನೆಲ ಮುಟ್ಟುತ್ತದಲ್ಲ!

“ಸರಸಕ್ಕ, ಇಲ್ಲೇ ಬುಟ್ರೆ ಯಾರಾರ ಕದ್ಬುಡ್ತಾರೆ. ಈ ಎಲ್ಡು ಟೈರ್ನೂ ಆಕ್ಕೊಳಕ್ಕ.”

“ಅಟ್ಟೆ ಒಡ್ಸಿದ್ ಎಕ್ಕಡ ಕಣಪ್ಪ ನಂದು. ನಿನ್ ಕಂಪ್ನಿ ಟೈರ್ನ ಮರ್ವಾದೆ ಓಗಕಿಲ್ವಾ?”

ಅವನು ಹಲ್ಲು ಕಿರಿದ. “ಅತ್ಕೋ,” ಎಂದಳು.

ರೀಬಟನ್ ಟೈರುಗಳ ಮೇಲೆ ಊರಿನ ಹಾಲು ಕೆಡದೆ ಕೆ.ಆರ್. ಪೇಟೆ ಸೇರಿತು. ಹಿಂದೆ ಕ್ಯಾನುಗಳ ನಡುವೆ, ಊರಿಗೇ ಬುದ್ಧಿ ಹೇಳಿದ್ದ ಮಹಾನುಭಾವ ಹೊಸ ಟೈರುಗಳನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮಾರನೆಯ ದಿನದಿಂದ ಹಾಲು ಸರಸಮ್ಮನ ಗಾಡಿಗೆ. ಚಲುವರಾಜುವಿನ ಟೆಂಪೋ ಈಗಲೂ ಕಿಕ್ಕೇರಿ ದಾರಿಯಲ್ಲೇ ನಿಂತಿದೆ. ಶ್ರಾವಣ ಬರಬೇಕಂತೆ.