ಊಟದ ಮೇಜಿನ ಪೇಟೆಂಟ್ ಆಫೀಸು

ನಮ್ಮ ಮನೆಯಲ್ಲಿ ವಾದ ಮಾಡುವುದಕ್ಕೆ ಕಾರಣವೇ ಬೇಕಾಗಿಲ್ಲ. ಆ ಶನಿವಾರ ಮಾತ್ರ ಕಾರಣವೂ ಇತ್ತು. ಅಟ್ಲಾಂಟಾದಲ್ಲಿ ಪೇಟೆಂಟ್ ವಕೀಲೆಯಾಗಿರುವ ಮಗಳು ಮಾನ್ಯಾ, ಊರಾಚೆ ಜಾನ್ಸ್ ಕ್ರೀಕಿನಲ್ಲಿರುವ ನಮ್ಮ ಮನೆಗೆ ಊಟಕ್ಕೆ ಬಂದವಳು ತಟ್ಟೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದಳು.

"ಅಮ್ಮಾ, ಯೂ ಬಿ ದಿ ಎಗ್ಸಾಮಿನರ್. ಇಂಡಿಯಾ ಕೇಸ್. ಎಲ್ಲಾ ಪಬ್ಲಿಶ್ ಆಗಿರೋದೇ, ಸೀಕ್ರೆಟ್ ಏನಿಲ್ಲ. ನಾನು ಆರ್ಗ್ಯೂ ಮಾಡ್ತೀನಿ. ನೋ ಮರ್ಸಿ, ಓಕೆ?"

ಕೋವಿಡ್ ಕಾಲದಲ್ಲಿ ಇಲ್ಲಿಂದಲೇ ಕೆಲಸ ಮಾಡುವಾಗ ಅವಳಿಗೆ ಅಂಟಿದ ಅಭ್ಯಾಸ ಇದು. ದೊಡ್ಡ ಕೇಸು ಬಂದರೆ ಪೇಟೆಂಟ್ ಕೊಡುವ ಅಧಿಕಾರಿಯ ಜಾಗದಲ್ಲಿ ಅಮ್ಮನನ್ನು ಕೂರಿಸಿ ಒಂದು ತಾಲೀಮು. ನನ್ನ ಹೆಂಡತಿ ಜಯಾ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದು ರಿಟೈರ್ ಆದವಳು. ಕರುಣೆ ತೋರಿಸಬೇಡ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದಕ್ಕೆ ನಾನೇ ಸಾಕ್ಷಿ.

ಮಾನ್ಯಾ ಔಷಧದ ಹೆಸರು ಹೇಳಿದಳು. ನಾನು ಜಯಾಳ ಕಡೆ ನೋಡಿದೆ. ಮೈಸೂರಿನಲ್ಲಿರುವ ಜಯಾಳ ತಮ್ಮ ಸುರೇಶ ರಕ್ತದ ಕ್ಯಾನ್ಸರಿಗೆ ನುಂಗುತ್ತಿದ್ದದ್ದು ಅದೇ ಮಾತ್ರೆ. ಮಾನ್ಯಾಗೆ ಅದು ಗೊತ್ತಿರಲಿಲ್ಲ. ದೊಡ್ಡವರ ಕಾಯಿಲೆಯನ್ನು ಮಕ್ಕಳಿಂದ ಮುಚ್ಚಿಡುವುದೇ ದೊಡ್ಡತನ ಎಂದು ನಂಬಿದ ಜನ ನಾವು. "ಮಗೂಗೆ ಯಾಕೆ ಟೆನ್ಷನ್ ಭಾವ?" ಎಂದು ಸುರೇಶ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದ.

ಇಂಡಿಯಾದಲ್ಲಿ ಆ ಔಷಧದ ಪೇಟೆಂಟ್ ಮುಂದಿನ ವರ್ಷ ಮುಗಿಯುವುದಿತ್ತು. ಮುಗಿದರೆ ಹೈದರಾಬಾದಿನ ಔಷಧ ಕಂಪನಿಯವರು ತಾವೇ ತಯಾರಿಸುತ್ತಾರೆ, ಬೆಲೆ ನೆಲಕ್ಕಿಳಿಯುತ್ತದೆ. ಅಲ್ಲಿಯವರೆಗೆ ಹೇಗಾದರೂ ಆಗಲಿ ಎಂದು ಸುರೇಶ ಇದ್ದೊಂದು ಸೈಟನ್ನೂ ಮಾರಿದ್ದ. ಈಗ ಮಾನ್ಯಾಳ ಕ್ಲೈಂಟ್ ಕಂಪನಿ ಅದೇ ಔಷಧದ ಹರಳು ರೂಪಕ್ಕೆ ಇನ್ನೊಂದು ಪೇಟೆಂಟ್ ಕೇಳಿತ್ತು. ಮಾತ್ರೆ ಕೆಡದೆ ಉಳಿಯುವುದು ಆ ರೂಪದಲ್ಲೇ. ಹಾಗಾಗಿ ಅದು ಸಿಕ್ಕಿಬಿಟ್ಟರೆ ಇನ್ನೂ ಎಷ್ಟೋ ವರ್ಷ ಬೇರೆ ಯಾರೂ ಮಾತ್ರೆ ಮಾಡುವ ಹಾಗಿಲ್ಲ. ಅಷ್ಟು ವರ್ಷ ಸುರೇಶ ಏನನ್ನು ಮಾರುತ್ತಾನೆ?

ನಾನು ಬಾಯಿ ತೆರೆದೆ. ಜಯಾ ಕೇಳದೆಯೇ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿ, "ನೀವು ಊಟ ಮಾಡಿ" ಎಂದಳು. ಆ ದನಿ ಕೇಳಿದ ಮೇಲೆ ಊಟ ಮಾಡುವುದೇ ಕ್ಷೇಮ.

"ಹೂಂ, ಶುರು ಮಾಡು," ಎಂದಳು ಮಗಳಿಗೆ.

"ಈ ಫಾರ್ಮ್ ಬೇಗ ಡಿಸಾಲ್ವ್ ಆಗತ್ತೆ. ಹೀಟಲ್ಲೂ ಸ್ಟೇಬಲ್."

"ಸಂತೋಷ. ಪೇಷಂಟಿಗೇನು ಸಿಕ್ತು?"

"ಬೆಟರ್ ಅಬ್ಸಾರ್ಪ್ಷನ್. ಮೈಗೆ ಚೆನ್ನಾಗಿ ಹಿಡಿಯತ್ತೆ."

"ಅದ್ರಿಂದ ಕಾಯಿಲೆ ಜಾಸ್ತಿ ವಾಸಿ ಆಯ್ತಾ? ಟ್ರಯಲ್ ಎಲ್ಲಿ? ಅಲ್ಲಿನ ಕಾನೂನು ಕೇಳೋದು ಅದನ್ನೇ ಕಣೆ. ಹಳೇ ಔಷಧಕ್ಕೆ ಹೊಸ ರೂಪ ಕೊಟ್ರೆ ಸಾಲಲ್ಲ, ಗುಣ ಜಾಸ್ತಿ ಆಗಿದೆ ಅಂತ ತೋರಿಸ್ಬೇಕು."

ಮಾನ್ಯಾ ಪಟ್ಟು ಬಿಡುವವಳಲ್ಲ. ದಾರಿ ಬದಲಿಸಿದಳು, ಗ್ರಾಫು ತೋರಿಸಿದಳು, ದನಿ ಏರಿಸಿದಳು. ಪ್ರತಿ ಸಲವೂ ಜಯಾ ಅದೇ ಪ್ರಶ್ನೆಗೆ ಅವಳನ್ನು ಎಳೆದು ತಂದು ನಿಲ್ಲಿಸಿದಳು. ಸಾರು ಆರಿ ತಣ್ಣಗಾಯಿತು.

"ಅಮ್ಮಾ, ಯಾಕೆ ಇಷ್ಟು ಪರ್ಸನಲ್ ಆಗಿ ತಗೋತಿದೀಯ?"

"ಯಾರು ಪರ್ಸನಲ್ ಅಂದ್ರು? ಡೇಟಾ ತೋರಿಸು."

ಡೇಟಾ ಇರಲಿಲ್ಲ. ಮಾನ್ಯಾ ಲ್ಯಾಪ್‌ಟಾಪ್ ಮುಚ್ಚಿ ಮುಖ ಊದಿಸಿಕೊಂಡು ಹೊರಟಳು. ಕಾರು ತಿರುಗುವುದನ್ನೇ ಕಾದಿದ್ದ ನಾನು ರೇಗಿದೆ. "ಸುರೇಶನ ಹೆಸರು ಒಂದ್ಸಲ ಹೇಳಿದ್ರೆ ಮುಗೀತಿತ್ತಲ್ಲೇ!"

"ಸುಮ್ನಿರಿ," ಎಂದು ಜಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಅವಳ ಮೇಲೆ ಅಂದು ನಿಜವಾಗಿ ಸಿಟ್ಟು ಬಂತು.

ಮಾನ್ಯಾ ಮಾತ್ರ ಸುಮ್ಮನೆ ಕೂರಲಿಲ್ಲ. ಗುಣ ಹೆಚ್ಚಿದೆ ಎನ್ನುವುದಕ್ಕೆ ಪುರಾವೆ ಇಲ್ಲದೆ ಇಂಡಿಯಾದಲ್ಲಿ ಗೆಲ್ಲುವುದಿಲ್ಲ ಎಂದು ಕಂಪನಿಗೆ ಖಡಾಖಂಡಿತವಾಗಿ ತಿಳಿಸಿದಳು. ಅವರ ಬಳಿಯೂ ಪುರಾವೆ ಇರಲಿಲ್ಲ. ಕೊನೆಗೆ ಅಲ್ಲಿನ ಅರ್ಜಿಯನ್ನು ವಾಪಸು ತೆಗೆದುಕೊಂಡರು.

ಯುಗಾದಿಗೆ ಬಂದಾಗ ಮಾನ್ಯಾ ಸುರೇಶನಿಗೆ ವಿಡಿಯೋ ಕಾಲ್ ಮಾಡಿ ತನ್ನ ಸೋಲನ್ನು ನಗುನಗುತ್ತಲೇ ವರ್ಣಿಸಿದಳು. ಮಾತಿನ ನಡುವೆ ಔಷಧದ ಹೆಸರೂ ಬಂತು.

"ಅಯ್ಯೋ ಪುಟ್ಟಿ, ಅದು ನನ್ ಮಾತ್ರೆ ಕಣೆ! ಹಾಗಾದ್ರೆ ನಾನು ಬದುಕ್ದೆ!" ಎಂದುಬಿಟ್ಟ ಸುರೇಶ. ಆಮೇಲೆ ನಾಲಗೆ ಕಚ್ಚಿಕೊಂಡ.

ಮಾನ್ಯಾ ಫೋನು ಹಿಡಿದುಕೊಂಡೇ ಅಮ್ಮನತ್ತ ತಿರುಗಿದಳು. ಕಣ್ಣು ತುಂಬಿತ್ತು.

"ಯಾಕಮ್ಮಾ ಹೇಳ್ಲಿಲ್ಲ? ಮಾಮಾದು ಅಂತ ಗೊತ್ತಾಗಿದ್ರೆ ನಾನು ಆವತ್ತೇ ಕೇಸ್ ಬಿಡ್ತಿದ್ದೆ."

"ಗೊತ್ತು," ಎಂದಳು ಜಯಾ. "ನೀನು ಬಿಟ್ಟಿದ್ರೆ ಬೇರೆ ಯಾರೋ ತಗೋತಿದ್ರು. ಅವರು ನಮ್ಮನೆಗೆ ಊಟಕ್ಕೆ ಬರ್ತಿರ್ಲಿಲ್ಲ."