ಹನ್ನೆರಡು ನಿಮಿಷ ಮುಂದಿದ್ದ ಮಾವ

ನನ್ನ ಮಾವನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ನನಗೂ ಹಾಗೇ ಎಂದು ಮಾವ ಹೇಳುತ್ತಾರೆ. ಇಂಥ ಇಬ್ಬರು ಒಂದೇ ಮನೆಯಲ್ಲಿ ಉಂಡು ಒಂದೇ ವಿದ್ಯುತ್ ಕೇಂದ್ರದಲ್ಲಿ ದುಡಿಯುವುದು ಹೇಗೆ ಎಂದರೆ, ಜಗಳವಾಡುತ್ತ ದುಡಿಯುವುದು, ಇನ್ನು ಹೇಗೆ? ಅವರು ಕಂಟ್ರೋಲ್ ರೂಮಿನ ಹಿರಿಯ ಆಪರೇಟರ್, ಇಪ್ಪತ್ತೆಂಟು ವರ್ಷದಿಂದ ಗ್ಯಾಸ್ ಟರ್ಬೈನ್ ಓಡಿಸುತ್ತಿರುವವರು. ನಾನು ಆ ಟರ್ಬೈನನ್ನು ಹದ್ದುಬಸ್ತಿನಲ್ಲಿಡುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಗೇಟಿನ ಒಳಗೆ ಅವರು ನನಗೆ ಸಾರ್, ನಾನು ಅವರಿಗೆ ಮೇಡಂ. ಗೇಟಿನ ಹೊರಗೆ ಈ ಮರ್ಯಾದೆ ಯಾವುದೂ ಇಲ್ಲ.

ಆವತ್ತು ಎಂಟು ಗಂಟೆಗೆ ನಾನು ಬರುವಾಗ ಟರ್ಬೈನಿನ ಸದ್ದೇ ಇರಲಿಲ್ಲ. ಕಂಟ್ರೋಲ್ ರೂಮಿಗೆ ಹೋದರೆ ಮಾವ ತಮ್ಮ ಕುರ್ಚಿ ಬಿಟ್ಟು, ಬಂದುಹೋಗುವವರಿಗೆಂದು ಬಾಗಿಲ ಬಳಿ ಹಾಕಿದ್ದ ಬೆಂಚಿನ ಮೇಲೆ ಕೂತಿದ್ದರು. ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಅಮುಕಿಕೊಂಡಿದ್ದರು.

"ಏನಾಯ್ತು ಸಾರ್?"

"ನಾನೇ ನಿಲ್ಲಿಸಿಬಿಟ್ಟೆ ಕಣಮ್ಮ. ಚಹಾದ ಲೋಟ ತಗೊಳ್ಳೋಕೆ ಕೈ ಚಾಚಿದೆ. ಕೈ ನಡುಗಿ ಕೆಂಪು ಬಟನ್ ಮೇಲೆ ಬಿತ್ತು. ಮೆಷೀನ್ ಟ್ರಿಪ್ ಆಯ್ತು." ಮೇಡಂ ಎನ್ನುವುದನ್ನೇ ಮರೆತಿದ್ದರು.

ಅಪಾಯದ ಸುಳಿವು ಸಿಕ್ಕ ಕೂಡಲೇ ಯಂತ್ರ ತಾನಾಗಿಯೇ ನಿಂತರೂ ಟ್ರಿಪ್, ಆ ಕೆಂಪು ಬಟನ್ ಒತ್ತಿ ಮನುಷ್ಯ ನಿಲ್ಲಿಸಿದರೂ ಟ್ರಿಪ್. ಬಟನ್ನಿನ ಮೇಲಿದ್ದ ಮುಚ್ಚಳ ಮುರಿದು ತಿಂಗಳಾಗಿತ್ತು. ಹೊಸದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಿದ್ದರು. ಮಾವನ ಬಲಗೈ ಸಣ್ಣಗೆ ನಡುಗಲು ಶುರುವಾಗಿದ್ದು ಮಾತ್ರ ವರ್ಷದ ಹಿಂದೆ. ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಅವರ ಲೋಟವನ್ನು ಅರ್ಧ ಮಾತ್ರ ತುಂಬಿಸುತ್ತಿದ್ದರು, ಅಷ್ಟೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಮಾವ ಯಾರಾದರೂ ಕಳ್ಳ ಎನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದರು. 'ನನ್ನ ಕೈಯನ್ನು ಇನ್ನು ನಂಬುವ ಹಾಗಿಲ್ಲ, ದಯವಿಟ್ಟು ನನ್ನನ್ನು ಸ್ಟೋರಿಗೆ ಹಾಕಿ' ಎಂದು ಪತ್ರ ಬರೆದು ಮ್ಯಾನೇಜರಿಗೆ ಕೊಟ್ಟೂ ಆಗಿತ್ತು. ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು. ಅದನ್ನು ಅವರು ನಟ್ಟು ಬೋಲ್ಟು ಎಣಿಸುತ್ತ ಕಳೆಯುತ್ತಾರೆಂದರೆ ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಬರುವುದು ಸಿಟ್ಟು.

"ಟ್ರಿಪ್ ಫೈಲ್ ನೋಡದೆ ಪತ್ರ ಯಾಕೆ ಬರೆದ್ರಿ?"

"ಫೈಲ್ ಖಾಲಿ ಮೇಡಂ," ಎಂದ ಅವರ ಜೊತೆಯ ಆಪರೇಟರ್. ಅವನ ತಲೆ ಬಾಗಿಲಿನ ಚೌಕಟ್ಟಿಗೆ ತಾಗುವುದರಿಂದ ಎಲ್ಲರಿಗೂ ಅವನು ಉದ್ದಣ್ಣ.

ಅದು ಖಾಲಿ ಇರಬಾರದು. ಯಂತ್ರದ ಪಕ್ಕದ ಕಪಾಟಿನಲ್ಲಿರುವ ಕಂಟ್ರೋಲರು ಟ್ರಿಪ್ ಆದ ಹೊತ್ತಿನ ಹಿಂದುಮುಂದಿನದನ್ನೆಲ್ಲ ತನ್ನ ನೆನಪಿನಲ್ಲಿ ಹಿಡಿದಿಡುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಸೆಕೆಂಡನ್ನು ಸೀಳಿ ಹೇಳುತ್ತದೆ. ಕಂಟ್ರೋಲ್ ರೂಮಿನ ಕಂಪ್ಯೂಟರು ಅದನ್ನು ಕೇಳಿ ತರಿಸಿಕೊಂಡು ಫೈಲು ಮಾಡುತ್ತದೆ. ಆದರೆ ಯಂತ್ರ ಮತ್ತೆ ಶುರುವಾಯಿತೋ, ಕಂಟ್ರೋಲರು ಹಳೆಯದನ್ನು ಒರೆಸಿ ಹಾಕುತ್ತದೆ. ಮ್ಯಾನೇಜರು ಒಂದು ಗಂಟೆಗೆ ಯಂತ್ರ ಶುರು ಮಾಡಬೇಕೆಂದಿದ್ದರು. ಕಾರಣ ಗೊತ್ತಾಗಿದೆಯಲ್ಲ, ಇನ್ನೇಕೆ ಕಾಯುವುದು ಎಂಬುದು ಅವರ ವಾದ.

ನಾನು ಸೆರಗು ಸಿಕ್ಕಿಸಿ ಕೂತೆ. ಡಿಸ್ಕ್ ತುಂಬಿದೆಯೇ? ಇಲ್ಲ, ಅರ್ಧಕ್ಕರ್ಧ ಖಾಲಿ. ಕೇಬಲ್ ಸಡಿಲವೇ? ಗಟ್ಟಿಯಾಗಿತ್ತು. ಫೈಲು ಮಾಡುವ ಪ್ರೋಗ್ರಾಂ ನಿದ್ದೆ ಹೊಡೆಯುತ್ತಿದೆಯೇ? ಅದೂ ಇಲ್ಲ, ಎಚ್ಚರವಾಗಿಯೇ ಇತ್ತು. ಹಳೆಯ ಫೋಲ್ಡರುಗಳನ್ನು ತೆಗೆದು ನೋಡಿದರೆ ಈ ಹೊಸ ಕಂಪ್ಯೂಟರ್ ಬಂದ ಎರಡು ತಿಂಗಳಲ್ಲಿ ಆದ ಟ್ರಿಪ್ ಇದೊಂದೇ. ಪರದೆಯ ಮೇಲಿನ ಪಟ್ಟಿಯಲ್ಲಿ ಟ್ರಿಪ್ ಆದದ್ದು ಏಳು ಇಪ್ಪತ್ತೆರಡಕ್ಕೆ ಎಂದಿತ್ತು. ಮಾವ ಪರದೆ ನೋಡಿ ರಿಜಿಸ್ಟರಿನಲ್ಲಿ ಬರೆದದ್ದೂ ಅದೇ. ಕಂಟ್ರೋಲರನ್ನು ನಾನೇ ಕೈಯಾರೆ ಕೇಳಿದೆ: ಏಳು ಇಪ್ಪತ್ತೆರಡಕ್ಕೆ ಏನಾಯಿತಪ್ಪ? 'ಅಂಥದ್ದೇನೂ ಇಲ್ಲ' ಎಂದಿತು. ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಅದೇ ಉತ್ತರ.

ಮಾವ ಬೆಂಚಿನಿಂದಲೇ ಹೇಳಿದರು, "ಬಿಡಮ್ಮ. ವಯಸ್ಸಾಯ್ತು, ಕೈ ಕೊಡ್ತು. ಅದಕ್ಕೆ ಸಾಕ್ಷಿ ಬೇರೆ ಬೇಕಾ?"

"ನೀವು ಸುಮ್ನೆ ಕೂತ್ಕೊಳ್ಳಿ ಮಾವ!" ಎಂದೆ. ಗೇಟಿನ ಒಳಗೆ ಮಾವ ಎಂದದ್ದು ಅದೇ ಮೊದಲು. ಉದ್ದಣ್ಣ ಗೋಡೆ ಕಡೆ ತಿರುಗಿ ಕೆಮ್ಮಿದ.

ಹೊಟ್ಟೆ ಚುರುಗುಟ್ಟಿತು. ಪರದೆಯ ಮೂಲೆಯಲ್ಲಿ ಹನ್ನೆರಡು ಗಂಟೆ ಹನ್ನೆರಡು ನಿಮಿಷ ಎಂದಿತ್ತು. ಅದೇ ಹೊತ್ತಿಗೆ ಅಂಗಳದಲ್ಲಿ ಊಟದ ಸೈರನ್ ಕೂಗಿತು. ನಮ್ಮ ಸೈರನ್ ಕೂಗುವುದು ಸರಿಯಾಗಿ ಹನ್ನೆರಡಕ್ಕೆ, ಅದು ಯಾರಿಗೂ ಕಾಯುವುದಿಲ್ಲ.

ನಾನು ಪರದೆಯನ್ನೇ ನೋಡಿದೆ. "ಉದ್ದಣ್ಣ, ಈ ಕಂಪ್ಯೂಟರಿನ ಗಡಿಯಾರ?"

"ಅದು ಯಾವಾಗ್ಲೂ ಹಾಗೇ ಮೇಡಂ. ಹನ್ನೆರಡು ನಿಮಿಷ ಕಳೆದು ನೋಡ್ಬೇಕು. ಸಾರೇ ಮುಂದಿಟ್ಟಿದಾರೆ, ಶಿಫ್ಟ್ ಬಸ್ ತಪ್ಪಬಾರ್ದು ಅಂತ. ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತು! ನನಗೆ ನಗು ಬಂತು, ತಲೆ ಚಚ್ಚಿಕೊಳ್ಳಬೇಕೆಂದೂ ಅನಿಸಿತು. ನಮ್ಮ ಮನೆಯ ಅಡುಗೆಮನೆ ಗಡಿಯಾರ ಹದಿನೈದು ನಿಮಿಷ ಮುಂದೆ, ನಡುಮನೆಯದು ಹತ್ತು, ಬಚ್ಚಲ ಬಾಗಿಲಿನದು ಇಪ್ಪತ್ತು. ಗಡಿಯಾರ ಮುಂದಿದ್ದರೆ ಮನುಷ್ಯ ಹಿಂದೆ ಬೀಳುವುದಿಲ್ಲ ಎಂಬುದು ಮಾವನ ವೇದವಾಕ್ಯ. ಮದುವೆಯಾಗಿ ಬಂದ ಆರು ವರ್ಷದಿಂದ ಗೋಡೆ ನೋಡಿದರೆ ಸಾಕು, ನನ್ನ ಮನಸ್ಸು ತಾನಾಗಿಯೇ ಕಳೆಯುತ್ತದೆ. ಹೊಸಬರು ಯಾರಾದರೂ ಈ ಕುರ್ಚಿಯಲ್ಲಿ ಕೂತಿದ್ದರೆ ಐದು ನಿಮಿಷದಲ್ಲಿ ಪತ್ತೆ ಹಚ್ಚುತ್ತಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು, ಈ ಮನೆಯ ಸೊಸೆ. ಇನ್ನೂ ಒಂದು ಮಾತು ಹೇಳಿಬಿಡಬೇಕು: ಕಂಪ್ಯೂಟರಿನ ಗಡಿಯಾರವನ್ನು ಕಂಟ್ರೋಲರಿನ ಗಡಿಯಾರಕ್ಕೆ ಜೋಡಿಸುವ ಕೆಲಸ ನನ್ನದೇ ಪಟ್ಟಿಯಲ್ಲಿತ್ತು, ಎರಡು ತಿಂಗಳಿಂದ.

ಕಂಟ್ರೋಲರಿನ ಗಡಿಯಾರವನ್ನು ಮಾವ ಮುಟ್ಟಿರಲಿಲ್ಲ. ಅದರ ಲೆಕ್ಕದಲ್ಲಿ ಟ್ರಿಪ್ ಆದಾಗ ಏಳು ಹತ್ತು. ಕಂಪ್ಯೂಟರು ಏಳು ಇಪ್ಪತ್ತೆರಡರದ್ದು ಕೊಡು ಎಂದು ಕೇಳಿದರೆ, ಇನ್ನೂ ಬಾರದ ಹೊತ್ತಿನ ಸುದ್ದಿಯನ್ನು ಪಾಪ ಅದು ಎಲ್ಲಿಂದ ತಂದೀತು? ಆಮೇಲೆ ನಾನು ಕೇಳಿದಾಗಲೂ ಅಷ್ಟೇ, ಅದರ ಏಳು ಇಪ್ಪತ್ತೆರಡಕ್ಕೆ ಯಂತ್ರ ನಿಂತು ಹನ್ನೆರಡು ನಿಮಿಷವಾಗಿತ್ತು. ನಾನು ಏಳು ಹತ್ತು ಎಂದು ಹಾಕಿ ಮತ್ತೆ ಕೇಳಿದೆ.

ಪರದೆಯ ತುಂಬ ಸಾಲುಗಳು ಸುರಿದವು.

ಮೊದಲ ಸಾಲು ಬಟನ್ನಿನದಲ್ಲ. ಎರಡನೇ ಬೇರಿಂಗಿನ ಕಂಪನ ಅಳೆಯುವ ಸೆನ್ಸರ್ ಇದ್ದಕ್ಕಿದ್ದಂತೆ ತುತ್ತತುದಿಗೆ ಹಾರಿತ್ತು. ಪಕ್ಕದ ಸೆನ್ಸರುಗಳೆಲ್ಲ ತಣ್ಣಗಿದ್ದವು. ನಿಜವಾದ ಕಂಪನವಾಗಿದ್ದರೆ ಅವೂ ಅಲುಗುತ್ತಿದ್ದವು; ಇದು ವೈರು ಸಡಿಲವಾದ ಲಕ್ಷಣ. ಆ ಸಾಲಿನ ಕೆಳಗೆ 'ಟ್ರಿಪ್'. ಅದರ ಕೆಳಗೆ, ಟ್ರಿಪ್ ಆದರೆ ಕಂಟ್ರೋಲ್ ರೂಮಿನಲ್ಲಿ ಕೂಗುವ ಹಾರ್ನ್. ಕೆಂಪು ಬಟನ್ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ಟ್ರಿಪ್ ಆದ ಮುಕ್ಕಾಲು ಸೆಕೆಂಡಿಗೆ.

ಮ್ಯಾನೇಜರನ್ನು ಕರೆಸಿದೆ. ಅವರು ಕನ್ನಡಕ ಹಾಕಿ ಎರಡು ಸಲ, ಕನ್ನಡಕ ತೆಗೆದು ಒಂದು ಸಲ ನೋಡಿದರು. ಉದ್ದಣ್ಣ ಟರ್ಬೈನಿನ ಬಳಿ ಓಡಿ, ಆ ಸೆನ್ಸರಿನ ವೈರಿನ ಕನೆಕ್ಟರು ಕೈ ತಾಗಿಸಿದ್ದಕ್ಕೇ ಬಿಚ್ಚಿಕೊಂಡಿತು ಎಂಬ ಸುದ್ದಿ ತಂದ. ಗಡಿಯಾರದ ವಿಷಯವನ್ನೂ, ನನ್ನ ಪಟ್ಟಿಯ ವಿಷಯವನ್ನೂ ನಾನೇ ಹೇಳಿದೆ. ಮ್ಯಾನೇಜರು ನಮ್ಮಿಬ್ಬರನ್ನೂ ನೋಡಿ, "ಒಳ್ಳೇ ಸಂಸಾರ ಕಣ್ರಿ ನಿಮ್ದು," ಎಂದರು.

ಮಾವ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. "ಹಾಗಾದ್ರೆ ನಾನು ಬಟನ್ ಒತ್ತಿದ್ದು ಸುಳ್ಳಾ?"

"ಒತ್ತಿದ್ರಿ. ಹಾರ್ನ್ ಕೂಗಿದ ಮೇಲೆ ಒತ್ತಿದ್ರಿ. ಮೆಷೀನ್ ಟ್ರಿಪ್ ಆದಾಗ ಆಪರೇಟರ್ ಮೊದಲು ಏನು ಮಾಡ್ಬೇಕು ಮಾವ?"

"ಕೆಂಪು ಬಟನ್ ಒತ್ತಿ ಖಾತ್ರಿ ಮಾಡ್ಕೋಬೇಕು." ಪಾಠ ಒಪ್ಪಿಸುವ ಹಾಗೆ ಹೇಳಿದರು. ಉದ್ದಣ್ಣನಿಗೂ ಅವನ ಹಿಂದಿನ ಹತ್ತು ಜನಕ್ಕೂ ಅದನ್ನು ಕಲಿಸಿದವರು ಅವರೇ.

"ಅದನ್ನೇ ಮಾಡಿದೀರಿ. ಲೋಟಕ್ಕೆ ಅಂತ ಹೊರಟ ಕೈ, ನಿಮಗೆ ಗೊತ್ತಾಗೋ ಮೊದಲೇ ದಾರಿ ಬದಲಿಸಿ ತನ್ನ ಕೆಲಸ ಮಾಡಿದೆ. ನೀವು ಅದರ ಮೇಲೆ ಪತ್ರ ಬರೆದ್ರಿ."

ಮಾವ ಮೊಣಕಾಲಿನ ನಡುವಿನಿಂದ ಬಲಗೈ ತೆಗೆದು ನೋಡಿಕೊಂಡರು. ಆಮೇಲೆ ಎದ್ದು ಬಂದು ಪರದೆಯ ಮುಂದೆ ಬಗ್ಗಿ, ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಇಷ್ಟು ಹೊತ್ತೂ ಒಣಗಿದ್ದ ಮುಖದಲ್ಲಿ ಹಳೆಯ ಕೋಪ ಮೆಲ್ಲಗೆ ಏರಿತು.

"ಮುಕ್ಕಾಲು ಸೆಕೆಂಡ್ ಯಾಕಾಯ್ತು? ಮೊದಲೆಲ್ಲ ಅರ್ಧ ಸೆಕೆಂಡ್ ಸಾಕಿತ್ತು ನನಗೆ!"

ಮ್ಯಾನೇಜರು ನಕ್ಕು ಜೇಬಿನಿಂದ ಪತ್ರ ತೆಗೆದು ಅವರ ಕೈಗೆ ಕೊಟ್ಟರು. ಕನೆಕ್ಟರ್ ಬಿಗಿ ಮಾಡಿ, ಸೆನ್ಸರ್ ಪರೀಕ್ಷಿಸಿ, ಫೈಲನ್ನು ಎರಡು ಕಡೆ ಉಳಿಸಿಟ್ಟ ಮೇಲೆ, "ನೀವೇ ಶುರು ಮಾಡಿ," ಎಂದರು. ಮಾವ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಕೈ ನಡುಗುತ್ತಿತ್ತು. ಅದನ್ನು ಅವರು ಬಚ್ಚಿಡಲಿಲ್ಲ, ನಾವೂ ಬೇರೆ ಕಡೆ ನೋಡಲಿಲ್ಲ. ಬೆರಳು ಸ್ಟಾರ್ಟ್ ಬಟನ್ನಿನ ಮೇಲೆ ನೇರವಾಗಿ ಹೋಗಿ ಇಳಿಯಿತು.

ಟರ್ಬೈನಿನ ಸದ್ದು ನೆಲದಿಂದ ಕಾಲಿಗೆ, ಕಾಲಿನಿಂದ ಎದೆಗೆ ಏರುವಷ್ಟರಲ್ಲಿ ನಾನು ಅಳುತ್ತಿದ್ದೆ. ಮಾವ ಪರದೆಯಿಂದ ಕಣ್ಣು ತೆಗೆಯದೆ, "ಊಟ ಮಾಡು ಹೋಗು, ಹಸಿದಿದ್ದೀಯ," ಎಂದು ಗದರಿದರು.