ಹನ್ನೆರಡು ಕಾಗದಕ್ಕೆ ಒಂದೇ ಹೆಬ್ಬೆಟ್ಟು

ಶ್ರೀರಾಮನಗರದ ಗದ್ದೆಗಳಲ್ಲಿ ಹಂಪವ್ವ ಹೇಳಿದಳೆಂದರೆ ಮುಗಿಯಿತು. ಭತ್ತದ ನಾಟಿಗೆ ಹೋಗುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಯಜಮಾನಿ. ಎಕರೆಗೆ ಇಷ್ಟೆಂದು ಅವಳು ಒಪ್ಪಿದರೆ ಎಲ್ಲರೂ ಒಪ್ಪಿದಂತೆ. ವಿದೇಶದ ಯಾವುದೋ ವಿಶ್ವವಿದ್ಯಾಲಯದವರು ರಕ್ತ ಕಡಿಮೆಯಿದ್ದವರಿಗೆ ಹೊಸ ಸೂಜಿಮದ್ದು ಪ್ರಯೋಗ ಮಾಡುತ್ತಾರೆಂದು ಅವರ ಶಿಬಿರದ ಕೆಲಸದಾಕೆ ಶೈಲಜಾ ಒಪ್ಪಿಗೆಯ ಕಾಗದ ಹಿಡಿದು ಬದುವಿಗೆ ಬಂದಾಗ, ಕೆಸರಲ್ಲಿ ಬಗ್ಗಿದವರನ್ನು ಒಬ್ಬೊಬ್ಬರಾಗಿ ಮೇಲೆ ಕರೆಯುವವರು ಯಾರು? ಹಂಪವ್ವ ಕೈ ಒರೆಸಿಕೊಂಡು ಹನ್ನೆರಡಕ್ಕೂ ತನ್ನ ಹೆಬ್ಬೆಟ್ಟನ್ನೇ ಒತ್ತಿದಳು. ಶೈಲಜಾ ಕಂಡೂ ಕಾಣದಂತಿದ್ದಳು. ಮರುದಿನ ಹೆಂಗಸರು ಶಿಬಿರದಲ್ಲಿ ಸಾಲಾಗಿ ನಿಂತು ಸೂಜಿ ಹಾಕಿಸಿಕೊಂಡರು.

ಒಂಬತ್ತನೆಯ ದಿನ ಗುಂಪಿನ ಶಿವಲಿಂಗಮ್ಮನ ಬಸಿರು ಇಳಿದುಹೋಯಿತು.

ಅವಳ ಗಂಡ ಹನಮೇಶ ಸಲಿಕೆಯ ಕಾವು ಹಿಡಿದು ಶಿಬಿರಕ್ಕೆ ನುಗ್ಗಿದ. ತಡೆಯಲು ಹಂಪವ್ವ ಹಿಂದೆಯೇ ಓಡಿದಳು. ಮೊದಲ ಏಟಿಗೆ ಔಷಧದ ಪೆಟ್ಟಿಗೆ ಚೂರಾಯಿತು, ಎರಡನೆಯದಕ್ಕೆ ಶೈಲಜಾಳ ಭುಜ ಮುರಿಯಿತು. ಪ್ರಾಣಭಯದಲ್ಲಿ ಅವಳು ಕಾಗದವೊಂದನ್ನು ಮುಂದೆ ಹಿಡಿದಳು.

"ನಿಮ್ಮ ಹೆಂಡ್ತಿನ ಹೆಬ್ಬೆಟ್ಟ ಒತ್ಯಾರ, ನೋಡ್ರಿ. ಬಸರಿಲ್ಲಂತ ಬರದೈತಿ."

ಹೆಂಡತಿಯ ಸುಳ್ಳಿಗೂ ಒಂದು ಮಿತಿ ಬೇಡವೇ! ಹನಮೇಶ ಕಾಗದ ಕಿತ್ತುಕೊಂಡು ಮನೆಗೆ ಓಡಿದ. ಇನ್ನೂ ರಕ್ತ ಹೋಗುತ್ತಿದ್ದ ಹೆಂಡತಿಯನ್ನು ತುರುಬು ಹಿಡಿದು ಅಂಗಳಕ್ಕೆ ಎಳೆದು ಒದ್ದ. ಸುಳ್ಳು ಹೇಳಿ ಕೂಸು ತಿಂದೆ, ಒತ್ತಿದ್ದು ಹೌದೋ ಅಲ್ಲವೋ ಎಂದು ಕೇಳಿ ಮತ್ತೆ ಒದ್ದ. ಇಲ್ಲವೆಂದಿದ್ದಕ್ಕೆ ಅವಳ ಬಾಯಿ ಒಡೆಯಿತು.

ಏದುಸಿರು ಬಿಡುತ್ತ ಬಂದ ಹಂಪವ್ವ ಬಾಗಿಲಲ್ಲೇ ನಿಂತಳು. ಸುಮ್ಮನಿದ್ದರೆ ತಾನು ಬಚಾವು, ಯಜಮಾನಿಕೆಯೂ ಉಳಿಯುತ್ತದೆ. ಆದರೆ ಇನ್ನೆರಡು ಒದೆ ಬಿದ್ದರೆ ಹುಡುಗಿ ಉಳಿಯುವುದಿಲ್ಲ. ಅವಳು ನಡುವೆ ಬಿದ್ದಳು.

"ಬಿಡೋ ಹನಮ್ಯಾ. ಆ ಹೆಬ್ಬೆಟ್ಟ ನಂದು. ಹನ್ನೆರಡೂ ನಂದ."

ಅವನು ಹೆಂಡತಿಯನ್ನು ಬಿಟ್ಟ. ಹಂಪವ್ವನ ಬಲಗೈಯನ್ನು ಒರಳುಕಲ್ಲಿನ ಅಂಚಿಗೆ ಒತ್ತಿಹಿಡಿದು, ಗುಂಡುಕಲ್ಲನ್ನು ಹೆಬ್ಬೆರಳ ಮೇಲೆ ಮೂರು ಸಲ ಕುಕ್ಕಿದ. ಓಣಿಯವರು ಬಂದು ಅವನನ್ನು ಹಿಡಿಯುವಷ್ಟರಲ್ಲಿ ಬೆರಳೆಂಬುದು ಉಳಿದಿರಲಿಲ್ಲ.

ಗಂಗಾವತಿಯ ಆಸ್ಪತ್ರೆಯಲ್ಲಿ ಹಂಪವ್ವ, ಶಿವಲಿಂಗಮ್ಮ ಇಬ್ಬರಿಗೂ ಅಕ್ಕಪಕ್ಕದ ಮಂಚ. ಹಂಪವ್ವನ ಜಜ್ಜಿಹೋದ ಬೆರಳು ತೆಗೆಯಬೇಕೆಂದು ನರ್ಸ್ ಒಪ್ಪಿಗೆಯ ಕಾಗದ ತಂದಳು. ರೋಗಿಯ ಕೈಗೆ ಬ್ಯಾಂಡೇಜು, ಜೊತೆಗೆ ಬಂದವರು ಯಾರೂ ಇಲ್ಲ. ಅವಳು ಹಂಪವ್ವನ ಮುಖ ಸಹ ನೋಡದೆ ಶಾಯಿ ಪೆಟ್ಟಿಗೆಯನ್ನು ಶಿವಲಿಂಗಮ್ಮನ ಮುಂದೆ ಚಾಚಿದಳು.

ಶಿವಲಿಂಗಮ್ಮ ಬಾತ ತುಟಿಯಿಂದ ನಿಧಾನವಾಗಿ ಹೇಳಿದಳು.

"ಮೊದಲ ಆಕಿನ್ನ ಕೇಳ್ರಿ. ನನ್ನ ಯಾರೂ ಕೇಳಲಿಲ್ಲ. ಕೇಳಿದ್ದರ ಹೇಳತಿದ್ನಿ, ಮೂರು ತಿಂಗಳಾಗೇತಿ ಅಂತ."

ಹಂಪವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಶಾಯಿ ಪೆಟ್ಟಿಗೆಯತ್ತ ಎಡಗೈ ಚಾಚಿದಳು.